ಕಂಪು ಎಂಬ ಬೋರ್ಡು

ನಂಬಬೇಡಿ. ನಂಬದೆ ಈ ಪುಟ ದಾಟಿ ತೋರಿಸಿ, ನೋಡೋಣ. ಬ್ಯಾಂಕಿನಲ್ಲಿ ನಾನಿದ್ದಷ್ಟು ಕಾಲ ನನ್ನ ಕೈಲಿ ಬೇಸ್ತು ಬೀಳದ ಮ್ಯಾನೇಜರ್ ಒಬ್ಬನೂ ಇರಲಿಲ್ಲ. ವಿಶಾಖಪಟ್ಟಣದ ಎಂವಿಪಿ ಕಾಲೋನಿಯಲ್ಲಿ ಇವತ್ತಿಗೂ ನಾನು ನೀರು ಬಂತೆಂದರೆ ಯಾರೂ ನಲ್ಲಿ ತಿರುಗಿಸುವುದಿಲ್ಲ. ಅಂಥವನು ಒಮ್ಮೆ ನಿಜ ಹೇಳಲು ಹೋದೆ.

ಹಾಸನದಿಂದ ನನ್ನ ಜೊತೆಗೇ ವರ್ಗವಾಗಿ ಬಂದ ಗುಮಾಸ್ತ ಗೆಳೆಯನೊಬ್ಬನಿದ್ದ. ಅವನ ತೆಲುಗು 'ಸಂತಕಂ ಪೆಟ್ಟಂಡಿ', ಅಂದರೆ ಸಹಿ ಹಾಕಿ ಅನ್ನುವುದಕ್ಕೆ ಮುಗಿಯುತ್ತಿತ್ತು. ಬಂದ ಹೊಸತರಲ್ಲಿ ಒಂದು ಮದುವೆ ಊಟಕ್ಕೆ ಕೂತಾಗ ಕಿವಿಯಲ್ಲಿ ಊದಿದ್ದೆ: "ಇನ್ನೂ ಬೇಕು ಅಂದ್ರೆ 'ಚಾಲು' ಅನ್ನೋ." ತೆಲುಗಿನಲ್ಲಿ ಚಾಲು ಎಂದರೆ ಸಾಕು. ಪಾಪ, ಬಡಿಸುವವರು ಬಂದಾಗಲೆಲ್ಲ ಚಾಲು ಚಾಲು ಎಂದು ಕೂಗಿ ಅರೆಹೊಟ್ಟೆಯಲ್ಲಿ ಎದ್ದ. ಅಂದಿನಿಂದ ತೆಲುಗಿನ ವಿಷಯದಲ್ಲಿ ನನ್ನ ಮಾತು ಅವನಿಗೆ ಕಸ.

ನಿವೃತ್ತನಾದ ಮೇಲೆ ವಿಜಯವಾಡದ ಬೆಂಜ್ ಸರ್ಕಲ್ ಹತ್ತಿರ ಕಾಫಿಪುಡಿ ಅಂಗಡಿ ತೆರೆದ. ಊರ ಕಡೆಯ ಬೀಜ, ತಾನೇ ಹುರಿದು ತಾನೇ ಪುಡಿ ಮಾಡುತ್ತಿದ್ದ. ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಬೆಳಿಗ್ಗೆ ಹಾಸಿಗೆಯಿಂದ ಏಳಲು ಆ ಅಂಗಡಿ ಬಿಟ್ಟರೆ ಅವನಿಗೆ ಬೇರೆ ಕಾರಣವೇ ಇರಲಿಲ್ಲ. ಅಂಗಡಿ ಪೂಜೆಗೆ ಹೋದವನು ತಲೆಯೆತ್ತಿ ನೋಡಿದೆ. ದಪ್ಪ ತೆಲುಗು ಅಕ್ಷರದಲ್ಲಿ: ಕಂಪು ಕಾಫಿ.

ನಮಗೆ ಕಂಪು ಎಂದರೆ ಸುವಾಸನೆ. ತೆಲುಗರಿಗೆ ಗಬ್ಬುನಾತ.

"ಲೋ, ಬೋರ್ಡ್ ಇಳಿಸೋ. ಇವ್ರ ಭಾಷೇಲಿ ಕಂಪು ಅಂದ್ರೆ ನಾತ ಕಣೋ!"

"ಹೌದಪ್ಪ. ಚಾಲು ಅಂದ್ರೆ ಇನ್ನೂ ಬೇಕು ಅಂತ, ಅಲ್ವಾ?"

"ಬೋರ್ಡ್ ಬರೆದವನನ್ನೇ ಕೇಳು ಹೋಗು."

"ಅವನೂ ಅದೇ ರಾಗ ಎಳೆದ. ಅವನಿಗೆ ಏನು ತಿನ್ನಿಸಿ ಹೇಳಿಕೊಟ್ಟಿದ್ಯೋ, ಮುಂಡೇದೇ? ಇದು ಅವಳು ಬದುಕಿದ್ದಾಗ ಇಟ್ಟ ಹೆಸರು. ಇಳಿಸಲ್ಲ."

ಕೆಲವೇ ದಿನದಲ್ಲಿ ಯಾರೋ ಬೋರ್ಡಿನ ಕೆಳಗೆ ಮೂಗು ಮುಚ್ಚಿಕೊಂಡು ನಿಂತು ವಿಡಿಯೋ ಮಾಡಿದರು. ಅದು ಊರೆಲ್ಲ ಹರಿದಾಡಿತು. ಇವನು ಅದನ್ನೂ ನನ್ನ ಖಾತೆಗೇ ಹಾಕಿದ.

ನಮ್ಮ ಕಾಲೋನಿಯ ಕನ್ನಡದವರ ಮಗಳೊಬ್ಬಳು ವಿಜಯವಾಡದಲ್ಲಿ ಆಸ್ಪತ್ರೆ, ಶೋರೂಮುಗಳ ಹೆಸರು ಕಾಯುವ ಕೆಲಸ ಮಾಡುತ್ತಾಳೆ. ಪಿಆರ್ ಅನ್ನುತ್ತಾರೆ. ಹುಟ್ಟಿದ್ದೇ ಇಲ್ಲಿ, ಕನ್ನಡಕ್ಕೆ ತೆಲುಗಿನ ಬಾಲ. ಅವಳನ್ನು ಕರೆದೊಯ್ದು ಒಳಗೆ ಕಳಿಸಿ, ನಾನು ಬಾಗಿಲ ಮರೆಯಲ್ಲಿ ನಿಂತೆ.

"ಅಂಕುಲ್, ಸ್ವಲ್ಪ ದಿನ ಏನೂ ಮಾತಾಡಬೇಡಂಡಿ. ಆಮೇಲೆ ನೀವೇ ಮೂಗು ಮುಚ್ಕೊಂಡು ಒಂದು ವಿಡಿಯೋ ಮಾಡೋಣ. ಕನ್ನಡದಲ್ಲಿ ಇದು ಒಳ್ಳೆ ವಾಸನೆ ಅಂತ ನಗ್ತಾ ಹೇಳೋಣ. ನಕ್ಕವರೇ ಕೊಳ್ಳೋಕೆ ಬರ್ತಾರಂಡಿ."

"ನನ್ನ ಅಂಗಡಿ ಬಗ್ಗೆ ಹೇಳೋಕೆ ನನಗೆ ಬಾಯಿಲ್ವೇನಮ್ಮ?"

"ಬಾಯಿ ಇದೆ ಅಂಕುಲ್. ಕೇಳೋರ ಕಿವಿ ಇಲ್ಲ. ನಾವು ಬಾಡಿಗೆಗೆ ಕೊಡೋದು ಆ ಕಿವಿನೇ."

ಸಾಲು ಸಾಲು ಶೋರೂಮಿನವರು ಇಂಥವರನ್ನು ಯಾಕೆ ಸಾಕುತ್ತಾರೆಂದು ಆ ಕ್ಷಣ ನನಗೆ ಹೊಳೆಯಿತು. ತನ್ನ ಮಾತು ಎದುರಿನವನ ಮನೆಗೆ ಯಾವ ವೇಷದಲ್ಲಿ ಹೋಗಿ ಕೂರುತ್ತದೆಂದು ಆಡಿದವನಿಗೆ ಕಾಣುವುದಿಲ್ಲ. ಕಂಡ ಗೆಳೆಯ ಹೇಳಿದರೆ ಹೊಟ್ಟೆಕಿಚ್ಚು, ಇಲ್ಲವೇ ತಮಾಷೆ. ಇವನು ಆಗಲಿ ಎಂದು ತಲೆಯಾಡಿಸುವುದರಲ್ಲಿದ್ದ. ತಟ್ಟನೆ ಕೇಳಿದ, "ನಿನ್ನನ್ನ ಕರ್ಕೊಂಡು ಬಂದೋರು ಯಾರು?"

ಅವಳು ನನ್ನನ್ನು ತೋರಿಸಿದಳು. ಅಲ್ಲಿಗೆ ಮುಗಿಯಿತು. ಇಬ್ಬರನ್ನೂ ಮೆಟ್ಟಿಲಿಳಿಸಿದ.

ಮರುದಿನ ತಾನೇ ಫೋನ್ ಎದುರು ನಿಂತು, ಕಣ್ಣು ಕೆಂಪಗೆ ಮಾಡಿಕೊಂಡು, ತನ್ನ ಹರಕು ತೆಲುಗಿನಲ್ಲಿ ಗುಡುಗಿದ: "ಮಾದಿ ಅಸಲೈನ ಕಂಪು! ಇಂಟಿ ನಿಂಡಾ ಕಂಪು!" ನಮ್ಮದು ಅಪ್ಪಟ ಗಬ್ಬುನಾತ, ಮನೆ ತುಂಬ ಗಬ್ಬುನಾತ, ಎಂದು ಜನ ಕೇಳಿಸಿಕೊಂಡರು. ಮದುವೆ ಮನೆಗಳಲ್ಲೂ ಅದನ್ನು ಅಣಕಿಸುವವರು ಹುಟ್ಟಿಕೊಂಡರು. ಅವನು ಬೀಜ ಹುರಿದರೆ ರಸ್ತೆಯಾಚೆಗೂ ಘಮ್ಮೆನ್ನುತ್ತಿತ್ತು, ನಿಜಕ್ಕೂ. ಬಂದವರು ಬೋರ್ಡಿನ ಕೆಳಗೆ ಫೋಟೋ ತೆಗೆಸಿಕೊಂಡು ಹೋಗುತ್ತಿದ್ದರು. ಒಳಗೆ ಕಾಲಿಡುತ್ತಿರಲಿಲ್ಲ.

ಅಂಗಡಿ ಮುಚ್ಚುತ್ತಾನಂತೆ ಎಂದು ಕೇಳಿ ಓಡಿದೆ. ಬಾಗಿಲಲ್ಲೇ ನಿಂತಿದ್ದ. ನನ್ನನ್ನು ಕಂಡು ಹೊಟ್ಟೆ ಹಿಡಿದು ನಕ್ಕ. "ಜೀವಮಾನಕ್ಕೆ ಒಂದ್ಸಲ ನಿಜ ಹೇಳಿದ್ಯಲ್ಲೋ, ಅದಕ್ಕೂ ಬೇಸ್ತು ಬಿದ್ನಲ್ಲೋ ನಾನು!" ಎಂದು ಭುಜ ತಬ್ಬಿಕೊಂಡ.

ಇಷ್ಟು ಕಥೆಯಲ್ಲಿ ನಾನು ಕಟ್ಟಿ ಹೇಳಿದ್ದು ಈ ನಗು ಒಂದನ್ನೇ. ನಾನು ಹೋಗುವಷ್ಟರಲ್ಲಿ ಶಟರ್ ಎಳೆದಾಗಿತ್ತು. ಒಳಗಿದ್ದ, ಕೆಮ್ಮು ಕೇಳಿಸುತ್ತಿತ್ತು. ನಾನು ಕಣೋ, ಎಂದೆ. ತೆಗೆಯಲಿಲ್ಲ.