ಅವ್ವನ ಸುದ್ದಿ, ನನ್ನ ಸುದ್ದಿ

ಟೀಚರ್ ಅವರ ಬಲಗೈ ಹೆಬ್ಬೆರಳು ಮಡಚುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಮುರಿದದ್ದು ಸರಿಯಾಗಿ ಕೂಡಿರಲಿಲ್ಲವಂತೆ. ಪೆನ್ನನ್ನು ತೋರುಬೆರಳು, ನಡುಬೆರಳುಗಳ ಸಂದಿಯಲ್ಲಿ ಸಿಗಿಸಿಕೊಂಡು ಬರೆಯುತ್ತಿದ್ದರು. ಧಾರವಾಡದವರು. ಕುರ್ಲಾದ ನಮ್ಮ ಕನ್ನಡ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾಗಿ ಮಾಟುಂಗದಲ್ಲಿ ಒಬ್ಬರೇ ಇದ್ದರು.

ಪದವಿ ಮುಗಿದ ವರ್ಷ ನಾನು ಅವರನ್ನು ಹುಡುಕಿಕೊಂಡು ಹೋದೆ. ಕಿವಿ ಕೇಳದ ಮಕ್ಕಳಿಗೆ ಪಾಠ ಹೇಳುವ ತರಬೇತಿಗೆ ಅರ್ಜಿ ಹಾಕಿದ್ದೆ. ನಾನು ಯಾಕೆ ಈ ಕೋರ್ಸಿಗೆ ಬರಬೇಕು ಎಂದು ಎರಡು ಪುಟ ಬರೆದುಕೊಡಬೇಕಿತ್ತು. ನನ್ನ ಮಾರ್ಕ್ಸ್ ಸಾಧಾರಣ. ಆ ಎರಡು ಪುಟಗಳೇ ಆಧಾರ. ಬರೆದದ್ದನ್ನು ತಿದ್ದಿಸಲು ಒಯ್ದಿದ್ದೆ.

ಟೀಚರ್ ಬಟಾಣಿ ಸುಲಿಯುತ್ತ, "ಜೋರಾಗಿ ಓದು" ಅಂದರು. ಬಾಲ್ಯದಿಂದಲೂ ಸಮಾಜಸೇವೆಯಲ್ಲಿ ನನಗೆ ಅಪಾರ ಆಸಕ್ತಿ ಎಂದು ಓದತೊಡಗಿದೆ. ಅವರ ಕೈ ನಿಂತಿತು.

"ಇದನ್ನ ಯಾರರೆ ಬರೀಬಹುದವ್ವಾ. ನಿನ್ನ ಹೆಸರ ತಗದು ಬಾಜೂ ಮನಿ ಹುಡುಗಿ ಹೆಸರ ಹಾಕಿದ್ರ ಏನ್ ಫರಕ್ ಆಗ್ತದ? ನಿಮ್ಮವ್ವ ಎಲ್ಲಿ ಇದರಾಗ?"

ನನ್ನ ಅವ್ವನಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ, ಮಾತೂ ಬರುವುದಿಲ್ಲ. ಅದನ್ನು ನಾನು ಬೇಕೆಂದೇ ಬಿಟ್ಟಿದ್ದೆ.

"ಬರದ್ರ ಅಯ್ಯೋ ಪಾಪ ಅಂತಾರ, ಟೀಚರ್. ಅದು ನಂಗ್ ನಕೋ, ಬ್ಯಾಡೇ ಬ್ಯಾಡ."

"ಪಾಪ ಅನಿಸ್ಲಿಕ್ಕೆ ಯಾರು ಹೇಳ್ಯಾರ? ಆಕಿಗೆ ಕಿವಿ ಕೇಳೂದಿಲ್ಲ ಅನ್ನೂದು ಆಕಿ ಸುದ್ದಿ. ಅದರಾಗ ನೀ ಏನ್ ಮಾಡ್ದಿ, ಅದು ನಿನ್ನ ಸುದ್ದಿ. ಅದನ್ನ ಹೇಳು."

ಯೋಚಿಸಿ ಹೇಳಿದೆ. ನಾನು ಒಂಬತ್ತನೆಯ ಕ್ಲಾಸಿನಲ್ಲಿದ್ದಾಗ ಅವ್ವನಿಗೆ ಆಪರೇಷನ್ ಆಗಬೇಕೆಂದರು. ಡಾಕ್ಟರು ನನ್ನ ಕಡೆಗಷ್ಟೇ ನೋಡುತ್ತ, ಸಹಿ ಹಾಕಿಸು ಎಂದು ಕಾಗದ ಚಾಚಿದರು. ನಾನು ಕಾಗದ ಪಕ್ಕಕ್ಕಿಟ್ಟು ಅವರು ಹೇಳಿದ್ದನ್ನೆಲ್ಲ ಕೈಸನ್ನೆಯಲ್ಲಿ ಅವ್ವನಿಗೆ ತಿಳಿಸಿದೆ. ಆಪರೇಷನ್ ಮಾಡದಿದ್ದರೆ ಏನಾಗುತ್ತದೆ ಎಂದು ಅವ್ವ ಕೇಳಿದಳು. ಅದನ್ನು ಡಾಕ್ಟರಿಗೆ ಹೇಳಿದೆ. ಅವರು ಕುರ್ಚಿ ಎಳೆದುಕೊಂಡು, ಹೊಟ್ಟೆಯ ಚಿತ್ರ ಬಿಡಿಸಿದರು. ಈ ಸಲ ಅವ್ವನ ಮುಖ ನೋಡುತ್ತ ವಿವರಿಸಿದರು.

ಟೀಚರ್ ಬಟಾಣಿಯ ಬುಟ್ಟಿ ಸರಿಸಿದರು. "ಇಷ್ಟು ಬರಿ. ಉಪ್ಪು ಖಾರ ಹಚ್ಚಬ್ಯಾಡ. ಆದ್ರ ಮೊದಲ ನಿಮ್ಮವ್ವನ್ನ ಕೇಳು. ಆಕಿ ಬ್ಯಾಡಂದ್ರ ಬ್ಯಾಡ."

ಅವ್ವ ಬೇಡ ಅನ್ನಲಿಲ್ಲ. ಪ್ರಶ್ನೆ ಕೇಳಿದ್ದು ತಾನು ಎಂಬುದನ್ನು ಮರೆಯದೆ ಬರೆ ಎಂದು ಎದೆ ತಟ್ಟಿ ತೋರಿಸಿದಳು. ಮರುದಿನ ಹೋಗಿ ಇದನ್ನು ಹೇಳಿದಾಗ ಟೀಚರ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಸೀಟು ಸಿಕ್ಕಿತು. ಈಗ ಅಂಧೇರಿಯ ಒಂದು ಶಾಲೆಯಲ್ಲಿ ಕಲಿಸುತ್ತಿದ್ದೇನೆ. ಕೈಬೆರಳಲ್ಲಿ ಜಗಳವಾಡುವ ಮಕ್ಕಳ ನಡುವೆ ನನ್ನ ದಿನ ಕಳೆಯುತ್ತದೆ.

ಕಳೆದ ಮಳೆಗಾಲದಲ್ಲಿ ಟೀಚರ್ ಹಾಸಿಗೆ ಹಿಡಿದರು. ನೋಡಲು ಹೋದಾಗ ಅವ್ವನೂ ಬಂದಳು. ಅವರಿಬ್ಬರ ನಡುವೆ ಮಾತು ದಾಟಿಸುವವಳು ಯಾವಾಗಲೂ ನಾನೇ. ಅಂದು ಅವ್ವ ನನ್ನನ್ನು ಪಕ್ಕಕ್ಕೆ ಸರಿಸಿ, ಮಂಚದ ಅಂಚಿನಲ್ಲಿ ಕೂತು, ಕೈಯಾಡಿಸುತ್ತ ಏನನ್ನೋ ಬಹಳ ಹೊತ್ತು ಹೇಳಿದಳು. ನನ್ನ ಕಡೆ ಅವಳ ಬೆನ್ನಿತ್ತು. ಟೀಚರ್ ಅವಳ ಕೈಗಳನ್ನೇ ನೋಡುತ್ತ ಮೆಲ್ಲಗೆ ತಲೆಯಾಡಿಸುತ್ತಿದ್ದರು.

ಅದೇ ವಾರ ಅವರು ತೀರಿಕೊಂಡರು. ಅವ್ವ ಏನು ಹೇಳಿದಳೆಂದು ನಾನು ಇನ್ನೂ ಕೇಳಿಲ್ಲ. ಅದು ಅವರಿಬ್ಬರ ಸುದ್ದಿ.