ಬೆಳೆಯುವವನ ಖಾಕಿ ಅಂಗಿ

ಹುಮನಾಬಾದಿನಲ್ಲಿ ಕಲ್ಯಾಣದ ಮೋಟಾರಿಗಾಗಿ ಕಾಯುತ್ತ ದರ್ಜಿಯ ಅಂಗಡಿ ಕಟ್ಟೆಯ ಮೇಲೆ ಕೂತಿದ್ದೆ. ಒಳಗೆ ದುಬಲಗುಂಡಿಯ ಕೂಲಿ ಯುವಕನೊಬ್ಬ ತೋಳು ಚಾಚಿ ನಿಂತಿದ್ದ. ಮುದುಕ ದರ್ಜಿ ಖಾಕಿ ಅಂಗಿಗೆ ಅಳತೆ ತೆಗೆಯುತ್ತಿದ್ದ. ಊರಿಗೆ ಹೊಸದಾಗಿ ಬಂದ ದಳದ ಅಂಗಿ ಅದು. ಯಾವ ಧರ್ಮದ ದಳವೆಂದು ಬರೆಯಲಾರೆ. ಈಗ ಎರಡೂ ಕಡೆಯವರು ಖಾಕಿ ತೊಡುತ್ತಾರೆ. ನಿನ್ನೆ ಸಂಜೆ ಅಂಗಡಿಯ ಎದುರಿನ ಚೌಕದಲ್ಲಿ ಆ ದಳದ ಮುಖಂಡ, ‘ಅವರ’ ಅಂಗಡಿಗಳಿಗೆ ಬೀಗ ಬೀಳಬೇಕು ಎಂದು ಗುಡುಗಿದ್ದ. ದರ್ಜಿ ‘ಅವರ’ ಪೈಕಿ.

“ಯಾಕ ಸೇರಿದಿ ತಮ್ಮಾ?” ಎಂದು ಯುವಕನನ್ನು ಕೇಳಿದೆ.

“ಪಟೇಲರ ಅಂಗಳದಾಗ ನಮ್ಮಪ್ಪ ಇನ್ನಾ ನೆಲದ ಮ್ಯಾಲ ಕೂಡ್ತಾನ್ರಿ. ಇವರು ನನಗ ಕುರ್ಚಿ ಕೊಟ್ರು. ಹೆಸರು ಕೇಳಿದ್ರು.”

ಓದಿದ ನಾವು ಅಂಥವರ ಹೆಸರು ಕೇಳಿದ್ದು ಯಾವಾಗ?

“ಕಾಕಾ, ಹೊಲಿಗಿ ಗಟ್ಟಿ ಹಾಕ್ರಿ,” ಎಂದು ಹೇಳಿ ಅವನು ನಗುತ್ತ ಹೋದ.

“ನಿನ್ನೆ ಭಾಷಣ ಕೇಳಿದ್ರ್ಯಾ?” ಎಂದು ದರ್ಜಿಯನ್ನು ಕೇಳಿದೆ.

“ಕೇಳೀನ್ರಿ. ಈ ಹುಡುಗನ ಮೊದಲನೇ ಅಂಗಿನೂ ನಾನೇ ಹೊಲದೀನಿ.”

ಮೋಟಾರು ಬರುವ ಹೊತ್ತಿಗೆ ಒಂದು ತೋಳು ಮುಗಿದಿತ್ತು. ತುದಿಯಲ್ಲಿ ದರ್ಜಿ ನಾಲ್ಕು ಬೆರಳಿನಷ್ಟು ಬಟ್ಟೆಯನ್ನು ಒಳಕ್ಕೆ ಮಡಚಿದ್ದ. ಬೆಳೆಯುವ ಹುಡುಗರ ಅಂಗಿಗೆ ಇಲ್ಲಿ ಹಾಗೆ ಬಿಡುತ್ತಾರೆ, ಮುಂದೆ ಬಿಚ್ಚಿ ಉದ್ದ ಮಾಡಲು.

“ಇದಕ್ಕೂ ಬಿಟ್ರ್ಯಾ?”

“ಇನ್ನಾ ಬೆಳಿಯೋ ವಯಸ್ಸ್ರಿ ಅವಂದು. ಬಿಚ್ಚೋ ಹೊತ್ತಿಗಿ ನಾ ಈ ಊರಾಗ ಇರಂಗಿಲ್ಲ. ಅವರವ್ವಗ ಬಿಚ್ಚಲಾಕ ಬರ್ಲಿ ಅಂತ ಅಲ್ಲಷ್ಟೇ ಸಡ್ಲ ಹೊಲದೀನಿ.”