ಅತ್ತೆಯ ಜೊತೆ ಸ್ಲೇಟು ಹಿಡಿದ ದಿನಗಳು

ಕೊಟ್ಟಿಗೆಹಾರದಲ್ಲಿ ನಮ್ಮದು ದಿನಸಿ ಅಂಗಡಿ. ಚಾರ್ಮಾಡಿ ಘಾಟಿ ಇಳಿಯುವ ಬಸ್ಸುಗಳು, ಲಾರಿಗಳು ಅಲ್ಲಿ ಸ್ವಲ್ಪ ಹೊತ್ತು ನಿಂತು ಹೋಗುತ್ತಿದ್ದವು. ಸುತ್ತಲಿನ ಎಸ್ಟೇಟುಗಳ ಕೆಲಸದವರು ವಾರದ ಸಾಮಾನಿಗೆ ನಮ್ಮಲ್ಲಿಗೇ ಬರುತ್ತಿದ್ದರು. ಎಸ್ಸೆಸ್ಸೆಲ್ಸಿ ಪಾಸಾದ ವರ್ಷವೇ ನಾನು ಆ ಮನೆಗೆ ಸೊಸೆಯಾಗಿ ಬಂದೆ. ಚಿಕ್ಕಮಗಳೂರಿನ ಕಾಲೇಜಿಗೆ ನನ್ನನ್ನು ಸೇರಿಸಬೇಕೆಂದು ಅಪ್ಪ ಓಡಾಡುತ್ತಿದ್ದರು. ಅಷ್ಟರಲ್ಲಿ ಒಳ್ಳೆಯ ಸಂಬಂಧ ಬಂತು, ಕಾಲೇಜಿನ ಮಾತು ಅಲ್ಲಿಗೇ ನಿಂತಿತು. ಆಗ ನಾನು ಕಣ್ಣೀರು ಹಾಕಿದೆನೋ ಇಲ್ಲವೋ, ನೆನಪಿಲ್ಲ. ಮದುವೆಗೆ ತಂದ ಸೀರೆಗಳ ಬಣ್ಣ ಮಾತ್ರ ನೆನಪಿದೆ.

ಮಾವ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಅಂಗಡಿಯನ್ನು ಎತ್ತಿ ನಿಲ್ಲಿಸಿದವರು ಅತ್ತೆ. ಬೆಳಿಗ್ಗೆ ಹಣೆಗೆ ವಿಭೂತಿ ಹಚ್ಚಿಕೊಂಡು ಬಾಗಿಲ ಪಕ್ಕದ ಮಣೆಯ ಮೇಲೆ ಕೂತರೆ ಊಟದ ಹೊತ್ತಿಗೇ ಏಳುತ್ತಿದ್ದುದು. ಗಟ್ಟಿ ದನಿಯ ಹೆಂಗಸು. ಲಾರಿ ಡ್ರೈವರುಗಳೂ ಅವರೆದುರು ಬೀಡಿ ಬಚ್ಚಿಡುತ್ತಿದ್ದರು. ಅವರಿಗೆ ಓದಲು ಬರುತ್ತಿರಲಿಲ್ಲ. ಅದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಅಷ್ಟೆ. ಏನಾದರೂ ಓದುವುದು ಬಂದರೆ, "ಕಣ್ಣು ಮಂಜು, ನೀನೇ ನೋಡು" ಎಂದು ನನ್ನ ಕೈಗೆ ಕೊಡುತ್ತಿದ್ದರು. ರಸ್ತೆಯಾಚೆ ನಿಂತ ಬಸ್ಸಿನಲ್ಲಿ ಯಾರು ಕೂತಿದ್ದಾರೆ ಎನ್ನುವುದು ಮಾತ್ರ ಆ ಕಣ್ಣಿಗೆ ಚೆನ್ನಾಗಿಯೇ ಕಾಣುತ್ತಿತ್ತು.

ನನ್ನ ಮದುವೆಯಾಗಿ ಮೂರ್ನಾಲ್ಕು ವರ್ಷ ಕಳೆದಿರಬೇಕು. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಒಂದು ಡಿಸೆಂಬರಿನಲ್ಲಿ ವಿಶ್ವವಿದ್ಯಾಲಯದಿಂದ ಸೇವಾ ಶಿಬಿರವೊಂದು ನಮ್ಮೂರಿಗೆ ಬಂತು. ಒಂದು ಬಸ್ಸಿನ ತುಂಬ ಹುಡುಗ ಹುಡುಗಿಯರು. ಪ್ರೈಮರಿ ಶಾಲೆಗೆ ರಜೆ ಕೊಟ್ಟು ಅವರಿಗೆ ಬಿಟ್ಟುಕೊಟ್ಟಿದ್ದರು. ಹುಡುಗರು ಎಸ್ಟೇಟಿನ ಕೆಲಸದವರ ಲೈನು ಮನೆಗಳಿಗೆ ಹೋಗುವ ದಾರಿ ಅಗಲ ಮಾಡಬೇಕು, ಹುಡುಗಿಯರು ಆ ಲೈನಿನ ಹೆಂಗಸರಿಗೆ ಅಕ್ಷರ ಕಲಿಸಬೇಕು ಎಂದು ಹೊರಡುವ ಮೊದಲೇ ಗೊತ್ತುಮಾಡಿಕೊಂಡು ಬಂದಿದ್ದರು. ಆದರೆ ಅದು ಕಾಫಿ ಹಣ್ಣು ಕೊಯ್ಯುವ ಕಾಲ. ಲೈನಿನ ಹೆಂಗಸರು ಬೆಳಕು ಹರಿಯುವಾಗ ತೋಟಕ್ಕೆ ಹೋದರೆ ಸಂಜೆ ಹಣ್ಣು ತೂಕಕ್ಕೆ ಹಾಕಿ, ಗುಡ್ಡ ಇಳಿದು, ಒಲೆ ಹಚ್ಚುವ ಹೊತ್ತಿಗೆ ಅವರಿಗೆ ನಿಲ್ಲಲೂ ತ್ರಾಣ ಇರುತ್ತಿರಲಿಲ್ಲ. ಮೊದಲ ಎರಡು ಸಂಜೆ ಹುಡುಗಿಯರು ಖಾಲಿ ಕೋಣೆಯಲ್ಲಿ ಕೂತು ಎದ್ದು ಹೋದರಂತೆ. ಶಿಬಿರ ನಡೆಸುತ್ತಿದ್ದ ಮೇಡಂ, ಕಾಲೇಜಿನ ಲೆಕ್ಚರರು, ಜಾಣೆ. ಲೈನು ಬಿಟ್ಟು ರಸ್ತೆಬದಿಯ ಅಂಗಡಿ ಸಾಲಿನ ಮನೆಗಳಿಗೆ ಹುಡುಗಿಯರನ್ನು ಕಳಿಸಿದರು.

ನಮ್ಮ ಅಂಗಡಿಗೆ ಬಂದವಳು ನನ್ನ ವಯಸ್ಸಿನವಳೇ. ಬಿ.ಎ. ಕೊನೆಯ ವರ್ಷ. ಕೈಗೆ ವಾಚು, ಜಡೆಗೆ ಹೂವಿಲ್ಲ, ನಯವಾದ ಮಾತು. ಗಿರಾಕಿಗೆ ಅವಲಕ್ಕಿ ಅಳೆಯುತ್ತಿದ್ದ ಅತ್ತೆಯನ್ನೂ ಒಳಗಿನಿಂದ ಬಂದ ನನ್ನನ್ನೂ ನೋಡಿ ಕೇಳಿದಳು:

"ಅಮ್ಮಾ, ನಿಮಗೆ ಓದು ಬರಹ ಬರುತ್ತಾ?"

ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಹೇಳಿಬಿಟ್ಟರು. "ಇಲ್ಲ ಮಗಾ, ನಮ್ಮಿಬ್ರಿಗೂ ಬರದಿಲ್ಲ."

ಅವಳು ಮುಂದಿನ ಮನೆಗೆ ಹೋದ ಮೇಲೆ ನಾನು ಅತ್ತೆಯ ಮುಖ ನೋಡಿದೆ. ಅವರು ಅವಲಕ್ಕಿ ಚೀಲದ ಬಾಯಿ ಕಟ್ಟುತ್ತಾ ನನ್ನ ಕಡೆ ನೋಡದೆಯೇ ಹೇಳಿದರು.

"ಗ್ಯಾರೇಜಿನಮ್ಮ ಹೋಗ್ತಾಳಂತೆ. ಅವಳು ಕಲಿತು ನಾನು ಹಿಂಗೇ ಇದ್ರೆ ಚೆಂದವಾ? ಒಬ್ಳೇ ಹೋಗಿ ಮಕ್ಕಳ ಹಂಗೆ ಕೂರಕ್ಕೆ ನಂಗೆ ನಾಚಿಕೆ ಆಗುತ್ತೆ ಮಾರಾಯ್ತಿ. ನೀನೂ ಬಾ."

"ನಾನು ಹತ್ತನೇ ಕ್ಲಾಸು ಪಾಸಾಗಿದೀನಲ್ಲ ಅತ್ತೆ?"

"ಅದನ್ನ ಅವರಿಗೆ ಯಾರು ಹೇಳ್ತಾರೆ?"

ಗ್ಯಾರೇಜಿನಮ್ಮ ಎಂದರೆ ನಮ್ಮ ಪಕ್ಕದವರು. ಗಂಡ ಲಾರಿ, ಜೀಪು ರಿಪೇರಿ ಮಾಡುತ್ತಿದ್ದ ಸಾಹೇಬರು. ಆಕೆ ಅತ್ತೆಗೆ ಗೆಳತಿ, ಅಷ್ಟೇ ಪ್ರಮಾಣದಲ್ಲಿ ಎದುರಾಳಿ. ಮಾವಿನ ಮಿಡಿ ಉಪ್ಪಿನಕಾಯಿಯಿಂದ ಹಿಡಿದು ಮಲ್ಲಿಗೆ ಬಳ್ಳಿಯ ತನಕ ಇಬ್ಬರಲ್ಲೂ ಒಂದು ಪೈಪೋಟಿ ಇದ್ದೇ ಇತ್ತು.

ಹೀಗೆ ಮಧ್ಯಾಹ್ನ ಊಟವಾದ ಮೇಲೆ ಅಂಗಡಿಯನ್ನು ನನ್ನ ಗಂಡನಿಗೆ ಬಿಟ್ಟು ನಾವು ಶಾಲೆಗೆ ಹೋಗತೊಡಗಿದೆವು. ಅಂಗಡಿ ಸಾಲಿನ ಏಳೆಂಟು ಹೆಂಗಸರು ಮಕ್ಕಳ ಗಿಡ್ಡ ಬೆಂಚುಗಳನ್ನು ಬದಿಗೆ ಸರಿಸಿ ಚಾಪೆಯ ಮೇಲೆ ಕೂರುತ್ತಿದ್ದರು. ಎಲ್ಲರಿಗೂ ನನ್ನ ವಿಷಯ ಗೊತ್ತು. ಅತ್ತೆಯ ಮೇಲಿನ ಭಯಕ್ಕೋ ಪ್ರೀತಿಗೋ ಯಾರೂ ತುಟಿ ಬಿಚ್ಚಲಿಲ್ಲ. ವಾಚಿನ ಹುಡುಗಿ ಒಬ್ಬೊಬ್ಬರ ಹತ್ತಿರವೂ ಕೂತು, ಕೈ ಹಿಡಿದು, ಸ್ಲೇಟಿನ ಮೇಲೆ ತಿದ್ದಿಸುತ್ತಿದ್ದಳು. ಗ್ಯಾರೇಜಿನಮ್ಮನಿಗೆ ಚಿಕ್ಕಂದಿನಲ್ಲೇ ಬಲದಿಂದ ಎಡಕ್ಕೆ ಹೋಗುವ ಅರಬ್ಬಿಯಲ್ಲಿ ಕುರಾನ್ ಓದಲು ಕಲಿಸಿದ್ದರು. ಆಕೆ ಬಳಪವನ್ನು ಸ್ಲೇಟಿನ ಬಲತುದಿಯಲ್ಲಿಟ್ಟು ಶುರುಮಾಡಿದಾಗ ಅತ್ತೆಗೆ ಬಹಳ ಸಮಾಧಾನವಾಯಿತು. "ನೋಡು, ಉಲ್ಟಾ ಕಡೆಯಿಂದ ಹೊರಟಿದ್ದಾಳೆ" ಎಂದು ನನ್ನ ಕಿವಿಯಲ್ಲಿ ಹೇಳಿದರು. ಆದರೆ ಮರುದಿನಕ್ಕೇ ಆಕೆ ದಾರಿ ಹಿಡಿದು ಎಲ್ಲರಿಗಿಂತ ಮುಂದೆ ಹೋದರು. ಅಕ್ಷರವೊಂದನ್ನು ನೋಡಿ ಸದ್ದು ಹೊರಡಿಸುವುದು ಆಕೆಗೆ ಹೊಸದಾಗಿರಲಿಲ್ಲ.

ನನ್ನ ಪಾಡು ಬೇರೆ. ಅತ್ತೆಗಿಂತ ಒಂದು ಹೆಜ್ಜೆ ಹಿಂದೆಯೇ ಇರಬೇಕು, ಇಲ್ಲದಿದ್ದರೆ ಅವರು ಕೈಚೆಲ್ಲುತ್ತಾರೆ. ಬೇಕೆಂದೇ ಸೊಟ್ಟ ಬರೆಯುವುದು ಎಣಿಸಿದಷ್ಟು ಸುಲಭವಲ್ಲ. ಒಂದು ದಿನ ಮೈಮರೆತು 'ಅರಸ' ಎಂದು ಅಂದವಾಗಿ ಬರೆದುಬಿಟ್ಟೆ. ಹುಡುಗಿ ನನ್ನ ಸ್ಲೇಟನ್ನು ಎತ್ತಿ ಎಲ್ಲರಿಗೂ ತೋರಿಸಿದಳು. ಮನೆಗೆ ಬರುವ ದಾರಿಯಲ್ಲಿ ಅತ್ತೆ ಗದರಿದರು: "ಅಷ್ಟು ಚೆಂದ ಬರೀಬೇಡ ಮಾರಾಯ್ತಿ. ನಮ್ಮ ಗತಿ ಎಂಥ ಆಗಬೇಕು?"

ಆದರೂ ಮಧ್ಯಾಹ್ನವಾಗುವುದನ್ನು ನಾನು ಕಾಯುತ್ತಿದ್ದೆ. ಆ ಹುಡುಗಿ ನನ್ನ ಬೆರಳ ಮೇಲೆ ತನ್ನ ಬೆರಳಿಟ್ಟು ಬರೆಸುವಾಗ ನಾನು ಸಣ್ಣ ದನಿಯಲ್ಲಿ ಒಂದೊಂದೇ ಕೇಳುತ್ತಿದ್ದೆ. ಕಾಲೇಜಿನಲ್ಲಿ ಹುಡುಗರ ಜೊತೆಯೇ ಕೂರಿಸುತ್ತಾರಾ? ಪಾಠ ಅರ್ಥವಾಗದಿದ್ದರೆ ಎದ್ದು ಕೇಳಬಹುದಾ? ಹಾಸ್ಟೆಲಿನಲ್ಲಿ ಬೆಳಿಗ್ಗೆ ಯಾರು ಎಬ್ಬಿಸುತ್ತಾರೆ? ಅವಳು ನನ್ನನ್ನು ಅಕ್ಕ ಎನ್ನುತ್ತಿದ್ದಳು. ಬೇಸರವಿಲ್ಲದೆ ಹೇಳುತ್ತಿದ್ದಳು. ಕಾಲೇಜಿನ ಲೈಬ್ರರಿಯಲ್ಲಿ ಪುಸ್ತಕ ಹುಡುಕುವುದು ಹೇಗೆಂದು ಒಂದು ದಿನ ಅಷ್ಟುದ್ದ ಹೇಳಿ, ಆಮೇಲೆ, 'ಆ' ಬರೆಯಲು ತಿಣುಕುವವಳಿಗೆ ಇದನ್ನೆಲ್ಲ ಯಾಕೆ ಹೇಳಿದೆನೋ ಎನ್ನುವಂತೆ ತಾನೇ ನಕ್ಕಳು.

ಅತ್ತೆ ಮೊದಲ ಬಾರಿಗೆ ತಾವಾಗಿ ಓದಿದ್ದು ಅಂಗಡಿಯಲ್ಲಿ. ಬೆಳಿಗ್ಗೆ ಕಟ್ಟು ಬಿಚ್ಚುತ್ತಿದ್ದವರು ಇದ್ದಕ್ಕಿದ್ದಂತೆ ಕೈ ನಿಲ್ಲಿಸಿ, ಲೇಬಲನ್ನು ಬೆಳಕಿಗೆ ಹಿಡಿದು, "ಬೀ... ಡಿ" ಎಂದರು. ಇನ್ನೊಮ್ಮೆ ಓದಿದರು. ಮುಖ ಅರಳಿತು, ಕೂಡಲೇ ಬಾಡಿತು. "ಎಂಥ ಕರ್ಮ! ಶಿವನ ಹೆಸರಲ್ಲ, ಗುರುವಿನ ಹೆಸರಲ್ಲ, ಮೊದಲು ಓದಿದ್ದು ಬೀಡಿ!" ನನ್ನ ಗಂಡ ನಗು ತಡೆಯಲಾರದೆ ಹಿಂದಿನ ಕೋಣೆಗೆ ಹೋದರು.

ಶಿಬಿರ ಮುಗಿಯುವ ದಿನ ಶಾಲೆಯ ಅಂಗಳದಲ್ಲಿ ಸಭೆ. ಎಸ್ಟೇಟಿನ ಬಂಗಲೆಯಿಂದ ಕುರ್ಚಿಗಳು ಬಂದವು. ವಿಶ್ವವಿದ್ಯಾಲಯದ ಹಿರಿಯರೊಬ್ಬರು ಕಾರಿನಲ್ಲಿ ಬಂದರು. ಹುಡುಗರು ಅಗಲ ಮಾಡಿದ ದಾರಿಯ ಬಗ್ಗೆ ಭಾಷಣವಾಯಿತು. ಆಮೇಲೆ ವಾಚಿನ ಹುಡುಗಿ ಎದ್ದಳು. ಈ ಊರಿಗೆ ಬಂದಾಗ ಒಂದಕ್ಷರವೂ ಬಾರದಿದ್ದ ಅಕ್ಕ ಒಬ್ಬರು ಈಗ ಓದಿ ತೋರಿಸುತ್ತಾರೆ ಎಂದು ಹೇಳಿ ನನ್ನ ಕಡೆ ಕೈ ಚಾಚಿದಳು. ನನಗೆ ಮೊದಲೇ ಹೇಳಿರಲಿಲ್ಲ. ಅಚ್ಚರಿಯಾಗಲಿ ಎಂದು ಬಿಟ್ಟಿದ್ದಳಂತೆ.

ಕಾಲು ತಾನಾಗಿ ನಡೆಯಿತು. ಹಿರಿಯರು ತಮ್ಮ ಕೈಲಿದ್ದ ಪತ್ರಿಕೆಯನ್ನೇ ಮಡಚಿ ಕೊಟ್ಟರು. ಎದುರಿಗೆ ಇಡೀ ಅಂಗಡಿ ಸಾಲು. ದಿನವೂ ನಾನು ಚೀಟಿ ಬರೆದುಕೊಡುತ್ತಿದ್ದ ಗಿರಾಕಿಗಳು, ಯಾರ್ಯಾರದೋ ಮನೆಯ ಕಾಗದ ನನ್ನಿಂದ ಓದಿಸಿಕೊಂಡವರು. ಸರಸರ ಓದಿದರೆ ಆ ಹುಡುಗಿಗೆ ಅವಮಾನ, ಅತ್ತೆಯ ಮಾತು ಸುಳ್ಳು. ನಾನು ಮೇಲಿನ ದೊಡ್ಡ ಅಕ್ಷರದ ಮೇಲೆ ಬೆರಳಿಟ್ಟು, "ಕಾ..." ಎಂದೆ. ಹಿಂದೆ ಯಾರೋ ಕಿಸಕ್ಕೆಂದರು. "ಫಿ..." ಎಂದೆ. ನಗು ಸಾಲಿನಿಂದ ಸಾಲಿಗೆ ಹರಡಿತು. ಹಿರಿಯರು ಮಾತ್ರ ತಲೆದೂಗುತ್ತಿದ್ದರು. ನನ್ನ ಕಿವಿ ಕಾದು ಹೋಯಿತು.

ಅಷ್ಟರಲ್ಲಿ ಅತ್ತೆ ಎದ್ದು ನಿಂತರು.

"ಯಾರದು ನಗೋದು? ಅವಳು ನಮ್ಮನೆ ಸೊಸೆ. ಹತ್ತನೇ ಕ್ಲಾಸು ಪಾಸಾಗಿ ಬಂದೋಳು, ನಿಮಗೆಲ್ಲ ಗೊತ್ತಿಲ್ವಾ? ಓದು ಬಾರದೋಳು ನಾನು. ಕಲಿಯಕ್ಕೆ ಹೋಗಿದ್ದೂ ನಾನು. ಒಬ್ಳೇ ಹೋಗಕ್ಕೆ ನಾಚಿಕೆ ಆಗಿ ಅವಳನ್ನ ಕರ್ಕೊಂಡು ಹೋದೆ. ನಗೋದಿದ್ರೆ ನನ್ನ ನೋಡಿ ನಗಿ."

ಅತ್ತೆ ಸೆರಗು ಸರಿಮಾಡಿಕೊಂಡು ಮುಂದೆ ಬಂದು ನನ್ನ ಕೈಯಿಂದ ಪತ್ರಿಕೆ ತೆಗೆದುಕೊಂಡರು. ಅದನ್ನು ಹತ್ತಿರ ಹಿಡಿದರು, ದೂರ ಹಿಡಿದರು. "ಕಾ... ಫಿ... ಬೆ... ಲೆ..." ಒಂದೊಂದಕ್ಕೂ ಉಸಿರು ಎಳೆದುಕೊಂಡು ಓದಿದರು. "ಕಾಫಿ ಬೆಲೆ" ಎಂದು ಕೂಡಿಸಿ ಇನ್ನೊಮ್ಮೆ ಗಟ್ಟಿಯಾಗಿ ಹೇಳಿದರು. ಮುಂದಿನದು ಒತ್ತಕ್ಷರವಿದ್ದ ಪದ. ಅಲ್ಲಿ ನಿಂತರು.

ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಕೂತಲ್ಲಿಂದಲೇ ಕುತೂಹಲ ತಡೆಯಲಾರದೆ ಕೇಳಿದರು. "ಬೆಲೆ ಏನಾಯ್ತಂತೆ ಅಮ್ಮಾ? ಏರ್ತಾ, ಇಳೀತಾ?"

"ಅಲ್ಲಿವರೆಗೆ ಇನ್ನೂ ಕಲಿಸಿಲ್ಲ" ಎಂದರು ಅತ್ತೆ.

ಆಗ ಎದ್ದ ನಗು ಬೇರೆ ಬಗೆಯದು. ಹಿರಿಯರೂ ನಕ್ಕು ಚಪ್ಪಾಳೆ ತಟ್ಟಿದರು. ನಗದೆ ಇದ್ದವಳು ವಾಚಿನ ಹುಡುಗಿ ಒಬ್ಬಳೇ.

ಸಭೆ ಮುಗಿದ ಮೇಲೆ ಅವಳು ಶಾಲೆಯ ಹಿಂದೆ ಚಾಪೆ ಸುತ್ತಿ ಕಟ್ಟುತ್ತಿದ್ದಳು. ನಾನು ಹೋಗಿ ಇನ್ನೊಂದು ತುದಿ ಹಿಡಿದುಕೊಂಡೆ. ಅವಳು ಹಗ್ಗ ಬಿಗಿಯತೊಡಗಿದಳು.

"ನಾನು ಪೆದ್ದಿ ಅಂತ ದಿನಾ ಮನೆಗೆ ಹೋಗಿ ನಗ್ತಿದ್ರೇನೋ" ಎಂದಳು.

"ಇಲ್ಲ."

"ಅತ್ತೆಯವರಿಗೋಸ್ಕರ ಸುಳ್ಳು ಹೇಳಿದ್ರಿ, ಅದು ಅರ್ಥ ಆಗುತ್ತೆ. ಕಾಲೇಜಿನ ವಿಷಯ ಅಷ್ಟೊಂದು ಕೇಳ್ತಿದ್ರಲ್ಲ ಅಕ್ಕ, ಅದೂ ನಾಟಕನಾ?"

"ಅದು ನಾಟಕ ಅಲ್ಲ" ಎಂದೆ.

ಅವಳು ಹಗ್ಗ ಬಿಗಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. ಆ ಮೊದಲು ಅವಳು ನನ್ನನ್ನು ಹಾಗೆ ನೋಡಿರಲಿಲ್ಲ. ಹೇಗೆ ಎಂದು ಹೇಳುವುದು ಕಷ್ಟ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವಳು ತನ್ನ ಊರಿನವಳೇ ಎಂದು ಗೊತ್ತಾದಾಗ ನೋಡುತ್ತೇವಲ್ಲ, ಹಾಗೆ ಎನ್ನಬಹುದು. ಆಮೇಲೆ ಇಬ್ಬರೂ ಚಾಪೆಗಳನ್ನು ಕಟ್ಟಿ ಮುಗಿಸಿದೆವು. ಕಾಲೇಜಿಗೆ ಹೋಗದೆಯೂ ಪರೀಕ್ಷೆಗೆ ಕಟ್ಟಬಹುದು ಎಂದು ನನಗೆ ಮೊದಲು ಹೇಳಿದವಳು ಅವಳೇ, ಆ ಚಾಪೆಗಳ ನಡುವೆ ನಿಂತು.

ಹೊರಡುವ ಮುಂಚೆ ಮೇಡಂ ಅಂಗಡಿಗೇ ಬಂದರು. ಬೈಯುತ್ತಾರೆಂದು ನಾನು ಒಳಗೆ ಸರಿದೆ. ಅವರು ಅತ್ತೆಯ ಹತ್ತಿರ ಕಾಫಿ ಕುಡಿಯುತ್ತಾ, "ನಾವು ಹೋದ ಮೇಲೆ ಈ ಕ್ಲಾಸು ನಿಲ್ಲುತ್ತಲ್ಲ ಅಂತ ಯೋಚನೆ ಆಗಿತ್ತಮ್ಮ. ಮೇಷ್ಟ್ರು ನಿಮ್ಮನೇಲೇ ಇದ್ದಾರೆ, ಇನ್ನು ಚಿಂತೆ ಇಲ್ಲ" ಎಂದರು. ಕರಿ ಹಲಗೆ, ಸ್ಲೇಟುಗಳು, ಸೀಮೆಸುಣ್ಣದ ಪೆಟ್ಟಿಗೆ ನಮ್ಮ ಜಗಲಿಗೆ ಬಂದವು.

ಆ ಕ್ಲಾಸು ನಡೆಯಿತು ಎಂದೂ ಹೇಳಬಹುದು, ನಡೆಯಲಿಲ್ಲ ಎಂದೂ ಹೇಳಬಹುದು. ಕೊಯ್ಲು ಮುಗಿದ ಮೇಲೆ ಲೈನಿನಿಂದ ಮೂವರು ಹೆಂಗಸರು ಬರತೊಡಗಿದರು. ಒಬ್ಬಳು ಬಸುರಿಯಾಗಿ ಬರುವುದನ್ನು ನಿಲ್ಲಿಸಿದಳು, ಇನ್ನೊಬ್ಬಳ ಕುಟುಂಬ ಕಳಸದ ಕಡೆಯ ತೋಟಕ್ಕೆ ಹೋಯಿತು. ಮರುವರ್ಷ ವಿಶ್ವವಿದ್ಯಾಲಯದಿಂದ ಬೇರೆ ಹುಡುಗರು ಬಂದು ನೋಡಿ, ಫೋಟೋ ತೆಗೆದುಕೊಂಡು ಹೋದರು. ಅದರ ಮುಂದಿನ ವರ್ಷದ ಶಿಬಿರ ಇನ್ನೊಂದು ಊರಿಗೆ ಹೋಯಿತು. ವಾಚಿನ ಹುಡುಗಿಯನ್ನು ನಾನು ಮತ್ತೆ ನೋಡಲಿಲ್ಲ. ಗ್ಯಾರೇಜಿನಮ್ಮ ಗಂಡನ ಸಾಮಾನುಗಳ ಮೇಲಿನ ಹೆಸರು ಓದುವಷ್ಟು ಕಲಿತರು. ಅತ್ತೆ ಒತ್ತಕ್ಷರಗಳ ಜೊತೆ ಕೊನೆಯವರೆಗೂ ರಾಜಿಯಾಗಲಿಲ್ಲ, ಅವನ್ನು ಹಾರಿಸಿ ಉಳಿದದ್ದನ್ನು ಓದುತ್ತಿದ್ದರು. ಟೂರಿಂಗ್ ಟಾಕೀಸಿನ ಪೋಸ್ಟರು ಅಂಟಿಸಲು ಬಂದವರನ್ನು ನಿಲ್ಲಿಸಿಕೊಂಡು ಚಿತ್ರದ ಹೆಸರು ಓದಿ, ಸರಿಯೇ ಎಂದು ಕೇಳಿ, ಆಮೇಲೆಯೇ ಗೋಡೆ ಬಿಟ್ಟುಕೊಡುತ್ತಿದ್ದರು.

ನಾನು ಪಿಯುಸಿಗೆ ಮನೆಯಲ್ಲೇ ಓದಿ ಕಟ್ಟಿದೆ. ಇಂಗ್ಲಿಷಿನಲ್ಲಿ ಹೋಯಿತು. ಇನ್ನೊಮ್ಮೆ ಕಟ್ಟುವ ಮನಸ್ಸು ನನಗಿರಲಿಲ್ಲ, ಅಷ್ಟರಲ್ಲಿ ಮಗಳೂ ಹುಟ್ಟಿದ್ದಳು. "ಹಲಗೆ ಜಗಲಿಯಲ್ಲಿಟ್ಕೊಂಡು ಊರಿಗೆಲ್ಲ ಹೇಳಿಕೊಡ್ತೀಯ, ನೀನು ಫೇಲಾಗಿ ಕೂತ್ರೆ ಯಾರು ಬರ್ತಾರೆ?" ಎಂದು ಅತ್ತೆ ಜಗಳಕ್ಕೆ ನಿಂತರು. ಎರಡನೇ ಸಲಕ್ಕೆ ಪಾಸಾಯಿತು. ಆಮೇಲೆ ಅಂಚೆ ತೆರಪಿನ ಪಾಠದಲ್ಲಿ ಬಿ.ಎ. ಸೇರಿದೆ.

ಅದರ ಮೊದಲ ಪರೀಕ್ಷೆ ಚಿಕ್ಕಮಗಳೂರಿನಲ್ಲಿ. ಮಗುವನ್ನು ಬಿಟ್ಟು ಹೋಗುವಂತಿರಲಿಲ್ಲ. ಅತ್ತೆ ಮಗುವನ್ನೆತ್ತಿಕೊಂಡು ನನ್ನ ಜೊತೆಗೇ ಬಂದರು. ಪರೀಕ್ಷೆ ನಡೆದಷ್ಟು ಹೊತ್ತೂ ಕಾಲೇಜಿನ ಗೇಟಿನ ಬಳಿಯ ಮರದಡಿ ಕೂತಿದ್ದರು. ನಾನು ಹೊರಗೆ ಬಂದಾಗ ಮಗು ಅವರ ತೊಡೆಯ ಮೇಲೆ ರಂಪ ಮಾಡುತ್ತಿತ್ತು.

"ಎಂಥ ಕೇಳಿದ್ರು?"

"ಚರಿತ್ರೆ ಅತ್ತೆ. ರಾಜರದ್ದು."

"ಯಾವ ರಾಜರದ್ದು?"

ಬಸ್ಸಿನಲ್ಲಿ ಕೂತ ಮೇಲೆ ಹೇಳತೊಡಗಿದೆ. ನಾನು ಬರೆದದ್ದು ಎರಡು ಪುಟ, ಅವರಿಗೆ ಅದು ಸಾಲಲಿಲ್ಲ. ಆ ರಾಜನಿಗೆ ಮಕ್ಕಳೆಷ್ಟು, ತಮ್ಮ ಯಾಕೆ ತಿರುಗಿಬಿದ್ದ, ರಾಣಿ ಏನು ಮಾಡಿದಳು ಎಂದು ಕೇಳುತ್ತಾ ಹೋದರು. ಗೊತ್ತಿದ್ದದ್ದನ್ನು ಹೇಳಿದೆ, ಗೊತ್ತಿಲ್ಲದ್ದನ್ನು ಪುಸ್ತಕದಲ್ಲಿ ಕೊಟ್ಟಿಲ್ಲ ಎಂದೆ. ಮೂಡಿಗೆರೆಯಲ್ಲಿ ಹತ್ತಿದ ಹೆಂಗಸೊಬ್ಬಳು ಮುಂದಿನ ಸೀಟಿನಿಂದ ತಿರುಗಿ ಕೂತು ಕೇಳತೊಡಗಿದಳು. ಬಣಕಲ್ ದಾಟುವಷ್ಟರಲ್ಲಿ ಮಗುವಿಗೆ ನಿದ್ದೆ ಹತ್ತಿತ್ತು. ಅತ್ತೆ ಅದರ ತಲೆಯನ್ನು ಭುಜಕ್ಕೆ ಒರಗಿಸಿಕೊಂಡು, "ಹ್ಞೂಂ, ಆಮೇಲೆ?" ಎಂದರು.